ಟಾಕೀಸಿಗೆ ಎಷ್ಟು ಮಂದಿ ಬಂದರು? ನಾನು ತಿಂಗಳ ಲೆಕ್ಕ ಇಡುವ ರೀತಿ

ಬಾಗಲಕೋಟೆಯ ಒಂದು ಸಿಂಗಲ್ ಸ್ಕ್ರೀನ್ ಟಾಕೀಸಿನಲ್ಲಿ ನಾನು ಮ್ಯಾನೇಜರ್. ಪ್ರತಿ ರಾತ್ರಿ ಸೆಕೆಂಡ್ ಶೋ ಟಿಕೆಟ್ ಕೊಡುವುದು ಮುಗಿದ ಮೇಲೆ ದಿನದ ಕಲೆಕ್ಷನ್ ರಿಪೋರ್ಟ್ ಬರೆದು ವಿತರಕರಿಗೆ ಕಳಿಸುತ್ತೇನೆ. ನಾವೆಲ್ಲ ಅದನ್ನು ಡಿಸಿಆರ್ ಅನ್ನುತ್ತೇವೆ. ಅದು ಅವರಿಗೆ ಬೇಕಾದ ಲೆಕ್ಕ. ಅದರ ಜೊತೆಗೆ ನಮಗೆ ಬೇಕಾದ ಇನ್ನೊಂದು ಲೆಕ್ಕವನ್ನು ಬಹಳ ವರ್ಷಗಳಿಂದ ಇಡುತ್ತಾ ಬಂದಿದ್ದೇನೆ. ಯಾವ ವಾರ ಎಷ್ಟು ಮಂದಿ ಬಂದರು, ಯಾವ ಆಟಕ್ಕೆ ಬಂದರು, ಬರದಿದ್ದರೆ ಯಾಕೆ ಬರಲಿಲ್ಲ ಅನ್ನೋದು ಅದರಲ್ಲಿರುತ್ತದೆ. ಮುಂದಿನ ಶುಕ್ರವಾರ ಯಾವ ಸಿನಿಮಾ ಹಾಕೋಣ ಅಂತ ಮಾಲೀಕರು ಕೇಳಿದಾಗ ನಾನು ತೆಗೆಯುವುದು ಈ ಎರಡನೇ ಪುಸ್ತಕವನ್ನೇ. ಸುತ್ತಲಿನ ಊರುಗಳ ಟಾಕೀಸಿನವರು ಆಗಾಗ ಇದರ ಬಗ್ಗೆ ಕೇಳುತ್ತಾರೆ. ಅವರಿಗಾಗಿ, ಮತ್ತು ಬಾಕ್ಸ್ ಆಫೀಸ್ ಸುದ್ದಿಯನ್ನು ಆಸೆಯಿಂದ ಓದುವ ಎಲ್ಲರಿಗಾಗಿ ಬರೆಯುತ್ತಿದ್ದೇನೆ.

ನನ್ನ ಪುಸ್ತಕದ ಮೊದಲ ಕಾಲಮ್ಮಿನಲ್ಲಿ ಟಿಕೆಟ್ ಸಂಖ್ಯೆ ಇರುತ್ತದೆ. ರೊಕ್ಕ ಆಮೇಲೆ. ಇದರ ಮೇಲೆ ನಾನು ತುಂಬಾ ಹಟ ಹಿಡಿಯುತ್ತೇನೆ, ಅದಕ್ಕೆ ಕಾರಣವೂ ಇದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. 100 ರೂಪಾಯಿವರೆಗಿನ ಟಿಕೆಟ್‌ಗೆ ನೂರಕ್ಕೆ 18, ಅದಕ್ಕಿಂತ ಜಾಸ್ತಿ ಇದ್ದರೆ 28. 2019ರ ಜನವರಿ 1ರಿಂದ ಅದು 12 ಮತ್ತು 18 ಆಯಿತು. 2025ರ ಸೆಪ್ಟೆಂಬರ್ 22ರಿಂದ ಕಡಿಮೆ ದರದ ಟಿಕೆಟ್‌ಗೆ ಬರೀ 5, ಮೇಲಿನದಕ್ಕೆ 18 ಹಾಗೇ ಉಳಿಯಿತು. ಈಗ ತೆರಿಗೆ ಸೇರಿ 80 ರೂಪಾಯಿ ಇರುವ ಒಂದು ಟಿಕೆಟ್ ತಗೊಳ್ಳಿ. ಸೆಪ್ಟೆಂಬರ್ 21ರವರೆಗೆ ಅದರಲ್ಲಿ ತೆರಿಗೆ ಕಳೆದು ಉಳಿಯುತ್ತಿದ್ದದ್ದು 71 ರೂಪಾಯಿ 43 ಪೈಸೆ. ಮರುದಿನದಿಂದ ಉಳಿದದ್ದು 76 ರೂಪಾಯಿ 19 ಪೈಸೆ. ದರ ಇಳಿಸದೆ ಹಾಗೇ ಬಿಟ್ಟ ಟಾಕೀಸಿನಲ್ಲಿ ಒಬ್ಬನೇ ಒಬ್ಬ ಪ್ರೇಕ್ಷಕ ಹೆಚ್ಚಾಗದಿದ್ದರೂ ನೆಟ್ ಕಲೆಕ್ಷನ್, ಅಂದರೆ ತೆರಿಗೆ ಕಳೆದ ಗಳಿಕೆ, ನೂರಕ್ಕೆ ಆರೂವರೆಗಿಂತ ಮೇಲೆ ಏರಿದ ಹಾಗೆ ಕಾಣುತ್ತದೆ. ರೊಕ್ಕ ಮಾತ್ರ ನೋಡುವವರು ಇದನ್ನೇ ಟ್ರೆಂಡ್ ಅಂದುಕೊಳ್ಳುತ್ತಾರೆ. ಜಿಎಸ್‌ಟಿಗೂ ಮುಂಚೆ ಕರ್ನಾಟಕದಲ್ಲಿ ಕನ್ನಡ ಸಿನಿಮಾಕ್ಕೆ ಮನರಂಜನಾ ತೆರಿಗೆ ಇರಲಿಲ್ಲ, ಹಿಂದಿ, ತೆಲುಗಿನಂಥ ಬೇರೆ ಭಾಷೆಗಳಿಗೆ ಇತ್ತು. ಆ ಕಾಲದ ರೊಕ್ಕವನ್ನು ಈಗಿನ ರೊಕ್ಕದ ಪಕ್ಕದಲ್ಲಿಟ್ಟರೆ ಏನೂ ತಿಳಿಯುವುದಿಲ್ಲ. ಅದೇ ಟಿಕೆಟ್ ಸಂಖ್ಯೆಯಾದರೆ ಯಾವ ಕಾಲಕ್ಕೂ ಹೋಲಿಸಬಹುದು. 2025ರಲ್ಲಿ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿದ ಸರ್ಕಾರದ ಆದೇಶ, ಅದಕ್ಕೆ ಹೈಕೋರ್ಟ್ ಕೊಟ್ಟ ತಡೆ, ಇವೆಲ್ಲ ಮುಖ್ಯವಾಗಿ ಮಲ್ಟಿಪ್ಲೆಕ್ಸ್‌ನವರ ಚಿಂತೆ. ನಮ್ಮ ದರ ಅಲ್ಲಿವರೆಗೆ ಹೋಗುವುದೇ ಇಲ್ಲ.

ದೇಶದ ಲೆಕ್ಕದಲ್ಲೂ ಇದೇ ಕಥೆ. ಸಿನಿಮಾ ಲೆಕ್ಕ ಇಡುವ ಓರ್ಮ್ಯಾಕ್ಸ್ ಮೀಡಿಯಾ ಸಂಸ್ಥೆ ಪ್ರತಿ ವರ್ಷ ಕೊಡುವ ಅಂದಾಜಿನ ಪ್ರಕಾರ 2019ರಲ್ಲಿ ಭಾರತದ ಟಾಕೀಸುಗಳ ಒಟ್ಟು ಗಳಿಕೆ 10,948 ಕೋಟಿ ರೂಪಾಯಿ. 2024ರಲ್ಲಿ 11,833 ಕೋಟಿ. ಓದಿದವರಿಗೆ ಸಿನಿಮಾ ಬೆಳೆದಿದೆ ಅನ್ನಿಸುತ್ತದೆ. ಆದರೆ ಮಾರಿದ ಟಿಕೆಟ್‌ಗಳ ಸಂಖ್ಯೆ 103 ಕೋಟಿಯಿಂದ ಸುಮಾರು 88 ಕೋಟಿಗೆ ಇಳಿದಿತ್ತು. ಸರಾಸರಿ ಟಿಕೆಟ್ ದರ 106ರಿಂದ 134ಕ್ಕೆ ಏರಿದ್ದರಿಂದ ಆ ಇಳಿಕೆ ಕಣ್ಣಿಗೆ ಬೀಳಲಿಲ್ಲ. ಫ್ರಾನ್ಸ್ ಮತ್ತು ದಕ್ಷಿಣ ಕೊರಿಯಾದಲ್ಲಿ ಒಂದು ಸಿನಿಮಾ ಎಷ್ಟು ಓಡಿತು ಅಂತ ಹೇಳುವಾಗ ಮೊದಲು ಎಷ್ಟು ಜನ ನೋಡಿದರು ಅಂತಲೇ ಹೇಳುತ್ತಾರೆ. ನಮ್ಮಲ್ಲೂ ಹಾಗೇ ಆಗಬೇಕು ಅಂತ ನನಗೆ ನಿಜವಾಗಿಯೂ ಆಸೆ. ಸಿಂಗಲ್ ಸ್ಕ್ರೀನ್ ಉಳಿಯುವುದು ಮಂದಿಯಿಂದ. ಖಾಲಿ ಹಾಲ್‌ನಲ್ಲಿ ದುಬಾರಿ ಟಿಕೆಟ್ ಇಟ್ಟು ನಾವು ಬದುಕಲು ಆಗುವುದಿಲ್ಲ. ಸೈಕಲ್ ಸ್ಟ್ಯಾಂಡಿನವನಿಗೂ ಇಂಟರ್‌ವೆಲ್‌ನಲ್ಲಿ ಚಹಾ ಮಾರುವವನಿಗೂ ಬೇಕಾದದ್ದು ತಲೆಗಳೇ.

ದಿನದ ಲೆಕ್ಕ ಸರಳ. ಬಾಲ್ಕನಿ, ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಅಂತ ಕ್ಲಾಸ್‌ವಾರು ಆಟ ಶುರುವಾಗುವಾಗಿನ ಟಿಕೆಟ್ ನಂಬರ್, ಮುಗಿದಾಗಿನ ನಂಬರ್. ಕಳೆದರೆ ಮಾರಿದ್ದು ಎಷ್ಟು ಅಂತ ಸಿಗುತ್ತದೆ. ಆನ್‌ಲೈನ್ ಟಿಕೆಟ್ ಬೇರೆ ಸಾಲಿನಲ್ಲಿ. ಪಾಸ್ ಮೇಲೆ ಬಂದವರನ್ನು ಇನ್ನೊಂದು ಸಾಲಿನಲ್ಲಿ ಬರೆಯುತ್ತೇನೆ, ಮಾರಾಟದಲ್ಲಿ ಸೇರಿಸುವುದಿಲ್ಲ. ಕ್ಲಾಸ್‌ವಾರು ಬರೆಯುವುದನ್ನು ಮಾತ್ರ ಬಿಡಬೇಡಿ. ಬಾಲ್ಕನಿ ತುಂಬಿ ಕೆಳಗೆ ಖಾಲಿ ಇದ್ದರೆ ಮನೆಮಂದಿಯ ಸಿನಿಮಾ ಅಂತ ಅರ್ಥ. ಕೆಳಗೆ ತುಂಬಿ ಬಾಲ್ಕನಿ ಖಾಲಿ ಇದ್ದರೆ ಹೀರೋನ ಅಭಿಮಾನಿಗಳು ಬಂದು ಹೋಗುತ್ತಿದ್ದಾರೆ, ಇನ್ನೂ ಮನೆಗಳಿಗೆ ಸುದ್ದಿ ಮುಟ್ಟಿಲ್ಲ. ಒಟ್ಟು ಸಂಖ್ಯೆ ಎರಡರಲ್ಲೂ ಒಂದೇ ಇರಬಹುದು, ಮುಂದಿನ ವಾರದ ಹಣೆಬರಹ ಬೇರೆ ಬೇರೆ.

ಹಾಲ್ ನೂರಕ್ಕೆ ಎಷ್ಟು ತುಂಬಿತು ಅನ್ನುವ ಲೆಕ್ಕವನ್ನು ಎಚ್ಚರದಿಂದ ಓದಬೇಕು. 600 ಸೀಟಿನ ಟಾಕೀಸು ಅಂದುಕೊಳ್ಳಿ. ದಿನಕ್ಕೆ 4 ಆಟ, ಅಂದರೆ 2,400 ಸೀಟು. 720 ಟಿಕೆಟ್ ಹೋದರೆ ನೂರಕ್ಕೆ 30. ಬೆಳಗಿನ ಆಟ ತೆಗೆದು 3 ಆಟ ಮಾಡಿದರೆ ಅದೇ 720 ಟಿಕೆಟ್ ನೂರಕ್ಕೆ 40 ಆಗುತ್ತದೆ. ಮಂದಿ ಅಷ್ಟೇ, ಪರ್ಸೆಂಟೇಜ್ ಮಾತ್ರ ಏರಿತು. ಅದಕ್ಕೇ ಆಟಗಳ ಸಂಖ್ಯೆ ಪಕ್ಕದಲ್ಲಿ ಇಲ್ಲದ ಪರ್ಸೆಂಟೇಜನ್ನು ನಾನು ಮಾಲೀಕರಿಗೆ ತೋರಿಸುವುದಿಲ್ಲ.

ಇನ್ನು ತಿಂಗಳು. ಸಿನಿಮಾದ ವಾರ ಶುಕ್ರವಾರ ಶುರುವಾಗಿ ಗುರುವಾರ ಮುಗಿಯುತ್ತದೆ. ಕ್ಯಾಲೆಂಡರಿನ ತಿಂಗಳು ಅದನ್ನು ಎಲ್ಲಿ ಬೇಕಾದರೂ ಕತ್ತರಿಸುತ್ತದೆ. ‘ಕಾಂತಾರ’ ತೆರೆಗೆ ಬಂದದ್ದು 2022ರ ಸೆಪ್ಟೆಂಬರ್ 30, ಶುಕ್ರವಾರ. ತಿಂಗಳ ಲೆಕ್ಕ ಹಿಡಿದರೆ ಅದಕ್ಕೆ ಸೆಪ್ಟೆಂಬರಿನಲ್ಲಿ ಸಿಗುವುದು ಒಂದೇ ದಿನ. ಮೊದಲ ವಾರದ ಉಳಿದ ದಿನಗಳು, ದಸರೆ, ಬಾಯಿಂದ ಬಾಯಿಗೆ ಸುದ್ದಿ ಹಬ್ಬಿದ ಮುಂದಿನ ವಾರಗಳು, ಎಲ್ಲ ಅಕ್ಟೋಬರಿಗೆ ಹೋಗುತ್ತವೆ. ಹಾಗಂತ ಸೆಪ್ಟೆಂಬರ್ ಕೆಟ್ಟ ತಿಂಗಳು ಅಂತ ಬರೆದರೆ ಏನರ್ಥ? ನಾನು ಮೊದಲು ವಾರದ ಲೆಕ್ಕ ಬರೆಯುತ್ತೇನೆ. ಆಮೇಲೆ ನಾಲ್ಕು ನಾಲ್ಕು ವಾರ ಸೇರಿಸಿ ನನ್ನದೇ ತಿಂಗಳು ಮಾಡಿಕೊಳ್ಳುತ್ತೇನೆ. ಆಗ ಪ್ರತಿ ತಿಂಗಳಿಗೂ ನಾಲ್ಕೇ ಭಾನುವಾರ ಬರುತ್ತವೆ. 2025ರ ಜುಲೈಯಲ್ಲಿ ನಾಲ್ಕು ಶುಕ್ರವಾರ, ನಾಲ್ಕು ಶನಿವಾರ, ನಾಲ್ಕು ಭಾನುವಾರ ಇದ್ದವು. ಆಗಸ್ಟಿನಲ್ಲಿ ಮೂರೂ ಐದೈದು. ಯಾವ ಸಿನಿಮಾ ಇದ್ದರೂ ಆ ಆಗಸ್ಟ್ ಒಂದು ಹೆಜ್ಜೆ ಮುಂದೆಯೇ ನಿಂತಿರುತ್ತದೆ, ಅಲ್ವಾ?

ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸುವುದು ಇದಕ್ಕಿಂತ ಕಷ್ಟ. ನಮ್ಮ ಹಬ್ಬಗಳು ಇಂಗ್ಲಿಷ್ ತಿಂಗಳಿಗೆ ಕಟ್ಟುಬಿದ್ದಿಲ್ಲ. ನಾಗರ ಪಂಚಮಿ ಇಲ್ಲಿ ಎಷ್ಟು ದೊಡ್ಡದು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಜೋಕಾಲಿ ಕಟ್ಟುತ್ತಾರೆ, ಉಂಡಿ ಹಂಚುತ್ತಾರೆ. ಅಕ್ಕತಂಗಿಯರು, ಅತ್ತಿಗೆ, ಮಕ್ಕಳು ಎಲ್ಲ ಕೂಡಿ ಮ್ಯಾಟಿನಿಗೆ ಬಂದು ಬಾಲ್ಕನಿ ತುಂಬುತ್ತಾರೆ. ಈ ಪಂಚಮಿ 2024ರಲ್ಲಿ ಆಗಸ್ಟ್ 9ಕ್ಕೆ ಬಂತು, 2025ರಲ್ಲಿ ಜುಲೈ 29ಕ್ಕೇ ಬಂತು. ಗಣೇಶ ಚೌತಿ 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27. ಅಂದರೆ ಒಂದು ಆಗಸ್ಟಿನಲ್ಲಿ ಪಂಚಮಿ ಇತ್ತು, ಗಣಪತಿ ಇರಲಿಲ್ಲ. ಇನ್ನೊಂದರಲ್ಲಿ ಗಣಪತಿ ಇತ್ತು, ಪಂಚಮಿ ಇರಲಿಲ್ಲ. ಪಂಚಮಿ ಮಂದಿಯನ್ನು ಟಾಕೀಸಿಗೆ ಕಳಿಸುತ್ತದೆ. ಗಣಪತಿ ಕೂತ ದಿನಗಳಲ್ಲಿ ಹುಡುಗರೆಲ್ಲ ಪೆಂಡಾಲಿನಲ್ಲಿ ಇರುತ್ತಾರೆ, ಸೆಕೆಂಡ್ ಶೋಗೆ ಯಾರೂ ಸಿಗುವುದಿಲ್ಲ. ಈ ಎರಡು ಆಗಸ್ಟ್‌ಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಇಷ್ಟು ಪರ್ಸೆಂಟ್ ಏರಿತು, ಇಳಿಯಿತು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಪಂಚಮಿ ವಾರವನ್ನು ಪಂಚಮಿ ವಾರದ ಜೊತೆ, ದೀಪಾವಳಿ ವಾರವನ್ನು ದೀಪಾವಳಿ ವಾರದ ಜೊತೆ ಹೋಲಿಸುತ್ತೇನೆ. ಪುಸ್ತಕದ ಪಕ್ಕದಲ್ಲಿ ಒಂದು ಪಂಚಾಂಗ ಯಾವಾಗಲೂ ಇರುತ್ತದೆ. ರಂಜಾನ್ ತಿಂಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಆ ತಿಂಗಳ ಸಂಜೆಯ ಆಟಗಳು ಸಪ್ಪೆ, ಹಬ್ಬದ ದಿನ ಜಾತ್ರೆ. ಈದ್ 2024ರಲ್ಲಿ ಏಪ್ರಿಲ್‌ನಲ್ಲಿ ಬಂತು, 2025ರಲ್ಲಿ ಮಾರ್ಚ್ 31ಕ್ಕೆ ಬಂತು. ಅದನ್ನೂ ಗುರುತು ಹಾಕಿಕೊಂಡಿದ್ದೇನೆ.

ಬಾಗಲಕೋಟೆಗೇ ಸೇರಿದ ಏರಿಳಿತಗಳು ಬೇರೆ. ನಮ್ಮ ಹೋಳಿ ಒಂದೇ ದಿನದ ಆಟ ಅಲ್ಲ. ಹಲಗೆ ಬಾರಿಸುವ ಮಜಲು ಶುರುವಾದರೆ ರಾತ್ರಿ ಊರೆಲ್ಲ ಬೀದಿಯಲ್ಲೇ. ಬಣ್ಣದ ದಿನಗಳಲ್ಲಿ ಹಳೆ ಊರಿನಿಂದ ಯಾರೂ ಬರುವುದಿಲ್ಲ. ಎಷ್ಟು ದೊಡ್ಡ ಸಿನಿಮಾ ಇದ್ದರೂ ಆ ದಿನಗಳನ್ನು ನಾನು ಲೆಕ್ಕದಲ್ಲಿ ಬೇರೆಯಾಗಿಯೇ ಇಡುತ್ತೇನೆ. ಬಾದಾಮಿ ಬನಶಂಕರಿ ಜಾತ್ರೆ ಇನ್ನೊಂದು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ವಾರಗಟ್ಟಲೆ ಅಲ್ಲಿ ನಾಟಕ ಕಂಪನಿಗಳು ಟೆಂಟು ಹಾಕಿ ಆಡುತ್ತವೆ. ಟಿವಿ, ಮೊಬೈಲ್ ನಮ್ಮ ಮಂದಿಯನ್ನು ಕದ್ದವು ಅಂತ ಎಲ್ಲರೂ ಹೇಳುತ್ತಾರೆ, ಸರಿ. ಆದರೆ ನನ್ನ ಪುಸ್ತಕದಲ್ಲಿ ನಾಟಕ ಕಂಪನಿಯೂ ಇಂದಿಗೂ ಸೆಕೆಂಡ್ ಶೋದ ಎದುರಾಳಿ. ನನಗೆ ಅದರಲ್ಲಿ ಬೇಸರ ಇಲ್ಲ. ರೊಕ್ಕ ಕೊಟ್ಟು ಕೂತು ಕಥೆ ನೋಡುವ ಮಂದಿ ಈ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ ಅಂತ ಅದು ಹೇಳುತ್ತದೆ. ಬನದ ಹುಣ್ಣಿಮೆ 2024ರಲ್ಲಿ ಜನವರಿ 25ಕ್ಕೆ, 2025ರಲ್ಲಿ ಜನವರಿ 13ಕ್ಕೆ ಬಂತು. ಎರಡನೇ ಸಲ ಸಂಕ್ರಾಂತಿಗೂ ಅಂಟಿಕೊಂಡೇ ಬಂದದ್ದರಿಂದ ಕೂಡಲಸಂಗಮಕ್ಕೆ ಸ್ನಾನಕ್ಕೆ ಹೋಗುವವರು, ಬನಶಂಕರಿಗೆ ಹೋಗುವವರು ಎಲ್ಲ ಒಂದೇ ವಾರ ಊರು ಬಿಟ್ಟರು.

ಮಾರ್ಚ್ ಪರೀಕ್ಷೆ. ವಿದ್ಯಾಗಿರಿ ಕಾಲೇಜುಗಳ ಹುಡುಗರು ಕಾಣುವುದೇ ಇಲ್ಲ. ಐಪಿಎಲ್ ರಾತ್ರಿ ಮ್ಯಾಚು ಏಳೂವರೆಗೆ ಶುರು, ಅದು ಫಸ್ಟ್ ಶೋವನ್ನೂ ಸೆಕೆಂಡ್ ಶೋವನ್ನೂ ಒಟ್ಟಿಗೆ ಹೊಡೆಯುತ್ತದೆ. ಬೇಸಿಗೆಯ ಬಿಸಿಲಿಗೆ ಮ್ಯಾಟಿನಿ ಸ್ವಲ್ಪ ಸುಧಾರಿಸುತ್ತದೆ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಬಿಲ್ ಕೈಗೆ ಬಂದ ವಾರ ಪೇಟೆಗೆ ಬಂದವರು ಸಿನಿಮಾ ನೋಡಿಕೊಂಡೇ ಹೋಗುತ್ತಾರೆ. ಈ ಬಿಲ್ಲಿಗೆ ಪಂಚಾಂಗದಲ್ಲಿ ದಿನ ಇಲ್ಲ, ಕೇಳಿಯೇ ತಿಳಿಯಬೇಕು.

ಹಿಂದಿ ಸಿನಿಮಾದ ಬಗ್ಗೆ ಒಂದು ವಿಷಯ ಗೊತ್ತಿರಲಿ. ಹಿಂದಿ ವಿತರಣೆಯ ಹಳೆಯ ಏರಿಯಾಗಳು, ಅಂದರೆ ಸರ್ಕ್ಯೂಟ್‌ಗಳು, ಈಗಿನ ರಾಜ್ಯಗಳ ನಕ್ಷೆಯ ಮೇಲೆ ನಿಂತಿಲ್ಲ. 1956ಕ್ಕೆ ಮುಂಚೆ ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಕಡೆಯ ಜಿಲ್ಲೆಗಳು ಆ ಲೆಕ್ಕದಲ್ಲಿ ಬಾಂಬೆ ಸರ್ಕ್ಯೂಟ್‌ಗೆ ಸೇರುತ್ತವೆ. ಮೈಸೂರು ಅನ್ನುವ ಸರ್ಕ್ಯೂಟ್ ಬೇರೆ, ನಿಜಾಮ್ ಬೇರೆ. ಆಗ ಬಾಗಲಕೋಟೆ ವಿಜಾಪುರ ಜಿಲ್ಲೆಯಲ್ಲಿತ್ತು, ಪ್ರತ್ಯೇಕ ಜಿಲ್ಲೆ ಆದದ್ದು 1997ರಲ್ಲಿ. ಹಾಗಾಗಿ ಮೈಸೂರು ಸರ್ಕ್ಯೂಟ್‌ನಲ್ಲಿ ಇಷ್ಟು ಕೋಟಿ ಅಂತ ಬಂದ ಸುದ್ದಿ ಓದಿ ಅದು ಇಡೀ ಕರ್ನಾಟಕದ ಗಳಿಕೆ ಅಂದುಕೊಂಡರೆ ನಾವೆಲ್ಲ ಲೆಕ್ಕದಿಂದ ಹೊರಗೆ ಉಳಿಯುತ್ತೇವೆ.

ಆ್ಯಪ್‌ನಲ್ಲಿ ಗಂಟೆಗೆ ಇಷ್ಟು ಟಿಕೆಟ್ ಹೋದವು ಅಂತ ಬರುವ ಸಂಖ್ಯೆಗಳನ್ನು ಬೆಂಗಳೂರಿನ ಮಟ್ಟಿಗೆ ನಂಬಬಹುದೇನೋ. ನಮ್ಮಲ್ಲಿ ಹೆಚ್ಚಿನವರು ಈಗಲೂ ಕಿಟಕಿಗೇ ಬರುತ್ತಾರೆ, ಅದೂ ಆಟ ಶುರುವಾಗುವ ಅರ್ಧ ಗಂಟೆ ಮುಂಚೆ. ಸಂಜೆ ಐದಕ್ಕೆ ಆ್ಯಪ್ ನೋಡಿ ಹಾಲ್ ಖಾಲಿ ಅಂದವರಿಗೆ ಏಳಕ್ಕೆ ಬಂದು ಸೈಕಲ್ ಸ್ಟ್ಯಾಂಡ್ ನೋಡಿ ಅನ್ನುತ್ತೇನೆ. ಸೀಟ್ ಬೂದು ಬಣ್ಣ ಆಗಿದ್ದರೆ ಮಾರಿದೆ ಅಂತಲೂ ತಿಳಿಯಬೇಡಿ. ಕಿಟಕಿಗೆ ಅಂತ ಎತ್ತಿಟ್ಟ ಸೀಟುಗಳೂ ಹಾಗೇ ಕಾಣುತ್ತವೆ.

ನಾನು ಹೆಚ್ಚು ನಂಬುವುದು ಸೋಮವಾರವನ್ನು. ಶುಕ್ರವಾರ ಹೀರೋನ ಹೆಸರಿಗೆ ಬಂದವರು, ಭಾನುವಾರ ರಜೆಗೆ ಬಂದವರು. ಸೋಮವಾರ ಬಂದವರು ಯಾರೋ ಹೇಳಿದ್ದು ಕೇಳಿ ಬಂದವರು. ಸೋಮವಾರದ ಮಂದಿ ಶುಕ್ರವಾರದ ಅರ್ಧಕ್ಕಿಂತ ಮೇಲಿದ್ದರೆ ಎರಡನೇ ವಾರ ಇಟ್ಟುಕೊಳ್ಳಿ ಅಂತ ಮಾಲೀಕರಿಗೆ ಹೇಳುತ್ತೇನೆ. ಇದು ನನ್ನ ಟಾಕೀಸಿನ ಅಳತೆ, ನಿಮ್ಮದು ಬೇರೆ ಇರಬಹುದು. ವಾರದ ಬಾಡಿಗೆ ಮೇಲೆ, ಅಂದರೆ ವಾರಕ್ಕೆ ಇಷ್ಟು ಅಂತ ಟಾಕೀಸಿಗೆ ಕೊಟ್ಟು, ಬಂದ ಸಿನಿಮಾ ಆದರೆ ಮಂದಿ ಕಡಿಮೆ ಆದಾಗ ಮೊದಲು ನೋವು ತಿನ್ನುವವರು ನಿರ್ಮಾಪಕರು, ಗಳಿಕೆ ಹಂಚಿಕೊಳ್ಳುವ ಪರ್ಸೆಂಟೇಜ್ ಮೇಲೆ ಬಂದದ್ದಾದರೆ ಅವರೂ ನಾವೂ ಇಬ್ಬರೂ. ಎರಡರಲ್ಲೂ ಸೋಮವಾರದ ಸಂಖ್ಯೆಯನ್ನು ವಿತರಕರ ಪ್ರತಿನಿಧಿಗೆ ಮುಚ್ಚಿಡದೆ ಹೇಳುತ್ತೇನೆ. ಅದರಿಂದಲೇ ಮುಂದಿನ ಸಿನಿಮಾದ ಮಾತು ನೆಟ್ಟಗೆ ನಡೆಯುತ್ತದೆ.

ಕೊನೆಯ ಕಾಲಮ್ಮಿಗೆ ನಾನು ‘ಕಾರಣ’ ಅಂತ ಹೆಸರಿಟ್ಟಿದ್ದೇನೆ. ಅದನ್ನು ಅದೇ ರಾತ್ರಿ ತುಂಬಬೇಕು, ವಾರ ಕಳೆದರೆ ಯಾರಿಗೂ ನೆನಪಿರುವುದಿಲ್ಲ. ಅದಕ್ಕೆ ನನ್ನ ದೊಡ್ಡ ಆಧಾರ ಬುಕಿಂಗ್‌ನಲ್ಲಿ ಕೂರುವ ಹಿರಿಯರು. “ಕಾಕಾ, ಇವತ್ತ ಯಾಕ ಇಷ್ಟ ಕಡಿಮಿ?” ಅಂತ ಕೇಳಿದರೆ ರೊಕ್ಕ ಎಣಿಸುತ್ತಲೇ ಹೇಳುತ್ತಾರೆ: “ನವನಗರದಾಗ ಎಲ್ಲಾ ಕಲ್ಯಾಣ ಮಂಟಪ ತುಂಬ್ಯಾವ್ರಿ ಸರ. ಮಂದಿ ಊಟಕ್ಕ ಹೋಗ್ಯಾರ, ನಾಳೆ ಬರ್ತಾರ ತಗೋರಿ.” ನಾನು ‘ಮದುವೆ’ ಅಂತ ಬರೆಯುತ್ತೇನೆ. ಮರುದಿನದ ಸಂಖ್ಯೆ ಏರಿದ್ದರೆ ಅದರ ಮುಂದೆ ಟಿಕ್ ಹಾಕುತ್ತೇನೆ. ಏರದಿದ್ದರೆ ಕಾರಣ ಸಿನಿಮಾದಲ್ಲೇ ಇದೆ ಅಂತ ತಿಳಿದು, ಮುಂದಿನ ಶುಕ್ರವಾರದ ಮಾತಿಗೆ ವಿತರಕರಿಗೆ ಫೋನ್ ಮಾಡುತ್ತೇನೆ.