ಶರಾಕುವಿನ ಕಬುಕಿ ನಟರನ್ನು ಕೈಯಲ್ಲಿ ನಕಲು ಮಾಡುವುದು: ನನ್ನ ಅನುಭವ

ಕಬುಕಿ ಅನ್ನುವ ಜಪಾನಿನ ಸಾಂಪ್ರದಾಯಿಕ ನಾಟಕದ ಹಳೇ ನಟರ ಚಿತ್ರಗಳನ್ನು ಕೈಯಲ್ಲೇ ನಕಲು ಮಾಡುತ್ತೇನೆ ಅಂದರೆ ಎಲ್ಲರೂ ಮೊದಲು ಕೇಳುವುದು ಬಣ್ಣದ ವಿಷಯ. ಬಣ್ಣಕ್ಕೆ ಆಮೇಲೆ ಬರೋಣ. ಜೀವ ತಿನ್ನುವುದು ಗೆರೆ.

ಇವು ಮೂಲದಲ್ಲಿ ಮರದಚ್ಚಿನ ಚಿತ್ರಗಳು. ಜಪಾನಿನ ಚಿತ್ರಕಾರ ಶರಾಕು ಬರೆದುಕೊಟ್ಟದ್ದನ್ನು ಒಬ್ಬ ಹಲಗೆಯಲ್ಲಿ ಕೆತ್ತಿದ, ಇನ್ನೊಬ್ಬ ಕಾಗದಕ್ಕೆ ಒತ್ತಿದ, ದುಡ್ಡು ಹಾಕಿ ಮಾರಿದವನು ಎದೊ ಊರಿನ, ಅಂದರೆ ಇವತ್ತಿನ ಟೋಕಿಯೊದ, ಪ್ರಕಾಶಕ ತ್ಸುತಾಯಾ ಜೂಜಾಬುರೊ. ಹಾಗಾಗಿ ನಮಗೆ ಕಾಣುವ ಗೆರೆಯಲ್ಲಿ ಕೆತ್ತುವವನ ಚಾಕುವಿನ ಬಿಗಿ ಇದೆ. ಬ್ರಷ್ಷನ್ನು ಅದರ ಪಾಡಿಗೆ ಬಿಟ್ಟರೆ ಗೆರೆ ಮೆತ್ತಗಾಗುತ್ತದೆ, ಬಿಗಿ ತರಲು ಹೋದರೆ ಕೈ ನಡುಗುತ್ತದೆ.

ನಾನು ಮತ್ತೆ ಮತ್ತೆ ಬರೆಯುವುದು ಎದೊಬೆ ಪಾತ್ರದಲ್ಲಿರುವ ಮೂರನೇ ಓತಾನಿ ಓನಿಜಿಯನ್ನು (ಆ ಹೆಸರು ಹೊತ್ತ ಮೂರನೇ ನಟ). ನೀವೂ ಎಲ್ಲೋ ನೋಡಿರುತ್ತೀರಿ: ಮುಂದಕ್ಕೆ ಚಾಚಿದ ಮುಖ, ಬಿಗಿದ ಬಾಯಿ, ಎದೆಯ ಹತ್ತಿರ ಬೆರಳು ಬಿಡಿಸಿದ ಎರಡು ಕೈ. 1794ರಲ್ಲಿ ಕವಾರಾಜಾಕಿ ರಂಗಮಂದಿರದಲ್ಲಿ ಆಡಿದ ನಾಟಕದ ದೃಶ್ಯ ಅದು. ಎದೊಬೆ ಕೇಡಿ, ದುಡ್ಡು ಕಿತ್ತುಕೊಳ್ಳಲು ಬರುತ್ತಿದ್ದಾನೆ. ಅವನಿಗೆ ಎದುರಾಳಿ ಇಪ್ಪೆಯದು ಬೇರೆ ಹಾಳೆ, ಅವನು ಕತ್ತಿ ಹಿರಿಯುತ್ತಿದ್ದಾನೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಆಗ ಓನಿಜಿ ಯಾರನ್ನು ದುರುಗುಟ್ಟುತ್ತಿದ್ದಾನೆ ಅಂತ ಗೊತ್ತಾಗುತ್ತದೆ.

ಆ ಕೈಗಳು ಮುಖಕ್ಕೆ ಹೋಲಿಸಿದರೆ ತೀರಾ ಪುಟ್ಟವು. ಆರ್ಟ್ ಸ್ಕೂಲಿನಲ್ಲಿ ಅಳತೆ ಕಲಿತವರ ಕೈ ತಾನಾಗಿ ಅದನ್ನು ಸರಿಮಾಡಲು ಹೋಗುತ್ತದೆ. ದಯವಿಟ್ಟು ಸುಮ್ನೆ ಬಿಡಿ. ಬೆರಳು ಸ್ವಲ್ಪ ದೊಡ್ಡದಾದರೂ ಸಾಕು, ಎದೊಬೆ ಬರೀ ಬೀದಿ ರೌಡಿ ಆಗಿಬಿಡುತ್ತಾನೆ. ಹೆಣ್ಣುವೇಷದ ನಟರದ್ದೂ ಅಷ್ಟೇ. ಶರಾಕು ಅವರ ಗಂಡು ದವಡೆಯನ್ನು ಮುಚ್ಚಿಡಲಿಲ್ಲ, ನೀವೂ ಅದನ್ನು ಚೆಂದ ಮಾಡಬೇಡಿ.

ಗೆರೆಗೆ ನಾನು ಬಳಸುವುದು ಜಪಾನಿನ ನಕಲುಗಾರರ ಹಳೇ ಪದ್ಧತಿ, ಅಗೆ-ಉತ್ಸುಶಿ. ಮೂಲದ ಅಳತೆಯಲ್ಲೇ, ಸುಮಾರು 38 × 25 ಸೆಂ.ಮೀ., ಪ್ರಿಂಟ್ ತೆಗೆಸಿ ಅದರ ಮೇಲೆ ತೆಳು ಕಾಗದ ಹಾಸಿ, ಮೇಲಿನ ಅಂಚು ಕದಲದ ಹಾಗೆ ಹಿಡಿಸಿ, ಕೆಳಗಿನ ತುದಿಯನ್ನು ಒಂದು ಕೋಲಿಗೆ ಸುತ್ತುತ್ತೇನೆ. ಕೋಲನ್ನು ಮೇಲಕ್ಕೆ ಉರುಳಿಸಿದರೆ ಮೂಲ ಕಾಣುತ್ತದೆ, ಕೆಳಕ್ಕೆ ಉರುಳಿಸಿದರೆ ನನ್ನ ಕಾಗದ. ಕಣ್ಣಲ್ಲಿ ಆ ಗೆರೆ ಇನ್ನೂ ಉಳಿದಿರುವಾಗಲೇ ಬರೆದುಬಿಡಬೇಕು. ಟ್ರೇಸಿಂಗ್ ಟೇಬಲ್ ಇದಕ್ಕಿಂತ ಸುಲಭ, ನಿಜ, ಆದರೆ ಅದರಲ್ಲಿ ಬರೆದ ಗೆರೆ ಸತ್ತಿರುತ್ತದೆ. ಇಲ್ಲಿ ಬರೆಯುವಾಗ ಮೂಲ ಕಣ್ಮುಂದೆ ಇರುವುದಿಲ್ಲ, ಆದ್ದರಿಂದ ಕೈ ಒಂದೇ ಉಸಿರಿಗೆ ಹೋಗುತ್ತದೆ.

ಕಾಗದ ಕೊಜೊ ಅನ್ನುವ ಗಿಡದ ನಾರಿನದು. ಹಾಗೇ ಬರೆದರೆ ಮಸಿ ಹರಡುತ್ತದೆ, ಅದಕ್ಕೆ ಮೊದಲೇ ದೋಸಾ ಬಳಿಯಬೇಕು. (ತಿನ್ನುವ ದೋಸೆ ಅಲ್ಲ, ನೀರಿನಲ್ಲಿ ಪ್ರಾಣಿಜನ್ಯ ಅಂಟು ಮತ್ತು ಪಟಿಕ ಬೆರೆಸಿದ್ದು.) ಅಂಟನ್ನು ರಾತ್ರಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ಕುದಿಸಿದರೆ ಅದರ ಹಿಡಿತ ಹೋಗುತ್ತದೆ.

ಈಗ ಬಣ್ಣ. ಆ ಕಾಲದ ನೀಲಿ ತ್ಸುಯುಕುಸಾ ಅನ್ನುವ ಹೂವಿನದು, ಬೆಳಕಿಗೂ ತಡೆಯುವುದಿಲ್ಲ, ನೀರಿಗೂ ತಡೆಯುವುದಿಲ್ಲ. ಕೆಂಪು ಬಹಳಷ್ಟು ಕಡೆ ಕುಸುಬೆ ಹೂವಿನದು, ಹೌದು, ನಮ್ಮ ಉತ್ತರ ಕರ್ನಾಟಕದಲ್ಲಿ ಎಣ್ಣೆಗೆ ಬೆಳೆಯುವ ಅದೇ ಕುಸುಬೆ. ಎರಡೂ ಸೇರಿಸಿ ಮಾಡಿದ ನೇರಳೆ ಇವತ್ತು ಎಷ್ಟೋ ಪ್ರತಿಗಳಲ್ಲಿ ಕಂದು ಬಣ್ಣಕ್ಕೆ ತಿರುಗಿದೆ. ಹಾಗಾದರೆ ಯಾವುದನ್ನು ನಕಲು ಮಾಡಬೇಕು, ಈಗಿನ ಮಾಸಲನ್ನೋ, 1794ರ ಹೊಸತನ್ನೋ? ಜಪಾನಿನಲ್ಲಿ ಎರಡೂ ರೂಢಿಯಲ್ಲಿವೆ. ನಾನು ಹೊಸತರ ಪಕ್ಷ. ಮಾಸಿದ್ದನ್ನು ಬರೆದರೆ ನಾವು ನಕಲು ಮಾಡುತ್ತಿರುವುದು ಬಿಸಿಲನ್ನು, ಅಲ್ವಾ? ಆದರೆ ಹೊಸತನ್ನು ಊಹಿಸಬೇಕಾದರೆ ಒಂದೇ ಪ್ರತಿ ಸಾಲದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಟೋಕಿಯೊ ರಾಷ್ಟ್ರೀಯ ಮ್ಯೂಸಿಯಂ, ಶಿಕಾಗೊ ಆರ್ಟ್ ಇನ್‌ಸ್ಟಿಟ್ಯೂಟ್, ಮೂರೂ ಶರಾಕುವಿನ ಚಿತ್ರಗಳ ಒಳ್ಳೆ ಫೋಟೊಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿವೆ. ಅಕ್ಕಪಕ್ಕ ತೆರೆದು ಯಾವ ಮೂಲೆಯಲ್ಲಿ ಬಣ್ಣ ಜಾಸ್ತಿ ಉಳಿದಿದೆ ನೋಡಿಕೊಳ್ಳಿ.

ಹಿನ್ನೆಲೆಯ ಕಪ್ಪು ಹೊಳಪು ಕಾಗೆಬಂಗಾರದ ಪುಡಿ. ಶರಾಕು ಮೊದಲು ತಂದ 28 ದೊಡ್ಡ ಮುಖಗಳ ಹಿಂದೆ ಇದೇ ಇರುವುದು. ನಾನು ಮೊದಲು ತೆಳು ಮಸಿ ಬಳಿದು, ಅದು ಒಣಗಿದ ಮೇಲೆ ಪುಡಿಯನ್ನು ಅಂಟಿನಲ್ಲಿ ಕಲಸಿ ಅಗಲ ಬ್ರಷ್ಷಿನಲ್ಲಿ ಎಳೆಯುತ್ತೇನೆ. ಅಂಟು ಕಮ್ಮಿಯಾದರೆ ಒಣಗಿದ ಮೇಲೆ ಬೆರಳಿಗೆ ಬರುತ್ತದೆ, ಜಾಸ್ತಿಯಾದರೆ ಹೊಳಪು ಕಂದುತ್ತದೆ. ಒಂದು ತುಂಡು ಕಾಗದದ ಮೇಲೆ ಬಳಿದು, ಒಣಗಿಸಿ, ಉಜ್ಜಿ ನೋಡಿಯೇ ಮುಂದುವರಿಯಿರಿ. ತಲೆಯ ಸುತ್ತ ಬರುವಾಗ ಉಸಿರು ಬಿಗಿ ಹಿಡಿಯುವ ಕೆಲಸ, ಯಾಕಂದ್ರೆ ಅಚ್ಚಿನಲ್ಲಿ ಒಂದೇ ಸಲಕ್ಕೆ ಬರುವ ಆ ಚೂಪಾದ ಅಂಚನ್ನು ಇಲ್ಲಿ ಸಣ್ಣ ಬ್ರಷ್ಷಿನಲ್ಲಿ ಕೂದಲು ಕೂದಲಿನ ಪಕ್ಕ ತುಂಬಬೇಕು.

ಮೂಲದಲ್ಲಿ ಶರಾಕುವಿನ ಸಹಿ, ತ್ಸುತಾಯಾ ಗುರುತು, ಸರ್ಕಾರಿ ಪರಿಶೀಲನೆಯ ಮುದ್ರೆ ಮೂರೂ ಇರುತ್ತವೆ. ಅವೂ ಚಿತ್ರದ ತೂಕ ಹೊರುತ್ತವೆ, ಬಿಟ್ಟರೆ ಆ ಬದಿ ಖಾಲಿ ಹೊಡೆಯುತ್ತದೆ, ಹಾಗಾಗಿ ಬರೆಯುತ್ತೇನೆ. ಹಿಂಬದಿಯಲ್ಲಿ ಅಳಿಸಲಾಗದ ಮಸಿಯಲ್ಲಿ ನನ್ನ ಹೆಸರು, ಇಸವಿ, 'ಕೈಬರಹದ ನಕಲು' ಅಂತ ಕನ್ನಡದಲ್ಲೂ ಜಪಾನಿಯಲ್ಲೂ ಹಾಕದೆ ಯಾರಿಗೂ ಕೊಡುವುದಿಲ್ಲ.

ಹೊಸದಾಗಿ ಶುರು ಮಾಡುವವರು ಓನಿಜಿಗೆ ಕೈ ಹಾಕಬೇಡಿ. ಅದೇ ವರ್ಷ ಶರಾಕು ಆಮೇಲೆ ತಂದ ಹೊಸೊಬಾನ್ ಅನ್ನುವ ಕಿರಿದಾದ ಹಾಳೆಗಳನ್ನು ತೆಗೆದುಕೊಳ್ಳಿ. ಸುಮಾರು 33 × 15 ಸೆಂ.ಮೀ., ನಿಂತ ನಟ, ಕಾಗೆಬಂಗಾರದ ಗೋಜಿಲ್ಲ.