ಒಂದೇ ಅಕ್ಷರದ ವ್ಯತ್ಯಾಸ, ಚಿನ್ನದ ಪ್ರೋಬ್: ನನ್ನ ಅನುಭವ

"ಪಿಸಿಆರ್ ಹೇಗೂ ಮಾಡ್ತೀರಿ. ಜೆಲ್ ಓಡಿಸಿದ್ರೆ ಆಯ್ತಲ್ಲ, ಮಧ್ಯೆ ಚಿನ್ನ ಯಾಕೆ?" ಲ್ಯಾಬ್‌ನಲ್ಲಿ ಎಲ್ಲರೂ ಕೇಳಿದ್ದು ಇದನ್ನೇ. ಪಿಸಿಆರ್ ಅಂದರೆ ಡಿಎನ್ಎ ತುಂಡನ್ನು ನಕಲು ಮಾಡಿ ಹೆಚ್ಚಿಸುವುದು. ಚಿನ್ನದ ಪ್ರೋಬ್ ಅಂದರೆ ಚಿಕ್ಕ ಡಿಎನ್ಎ ಎಳೆಗಳನ್ನು ಹೊತ್ತ ಚಿನ್ನದ ಕಣ. ಕಣಗಳು ಬಿಡಿಬಿಡಿಯಾಗಿದ್ದರೆ ಕೆಂಪು; ನಾವು ಹುಡುಕುವ ಡಿಎನ್ಎಗೆ (ಟಾರ್ಗೆಟ್) ಒಂದು ಜೋಡಿ ಪ್ರೋಬ್ ಅಂಟಿ ಕಣಗಳು ಹತ್ತಿರ ಸೇರಿದರೆ ನೇರಳೆ, ನೀಲಿ. ಆದರೆ ಜೆಲ್ ತೋರಿಸುವುದು ತುಂಡಿನ ಉದ್ದ ಮಾತ್ರ. ನಾನು ಹಿಡಿಯಬೇಕಿದ್ದದ್ದು ಕ್ಷಯದ ಬ್ಯಾಕ್ಟೀರಿಯಾದ ಆರ್‌ಪಿಒಬಿ ಜೀನ್‌ನ 531ನೇ ಕೋಡಾನ್, ಅಂದರೆ ಡಿಎನ್ಎಯ ಮೂರಕ್ಷರದ ಗುಂಪು. ಅಲ್ಲಿ ಟಿಸಿಜಿ ಹೋಗಿ ಟಿಟಿಜಿ ಬಂದರೆ ಕ್ಷಯದ ಔಷಧಿ ರಿಫಾಂಪಿಸಿನ್ ನಾಟುವುದಿಲ್ಲ. ಉದ್ದ ಎರಡಕ್ಕೂ ಒಂದೇ. ಪ್ರತಿ ಸ್ಯಾಂಪಲ್ಲನ್ನೂ ಅಕ್ಷರ ಅಕ್ಷರವಾಗಿ ಓದುವ ಸೀಕ್ವೆನ್ಸಿಂಗ್‌ಗೆ ಕಳಿಸುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ.

ಚಿನ್ನ ಅಂದ ಕೂಡಲೇ ದುಬಾರಿ ಅಂದುಕೊಳ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಗ್ರಾಂ ಗೋಲ್ಡ್ ಕ್ಲೋರೈಡ್‌ನಿಂದ ಒಂದು ಮಿಲಿಮೋಲಾರ್ ದ್ರಾವಣ ಸುಮಾರು ಎರಡೂವರೆ ಲೀಟರ್ ಆಗುತ್ತದೆ. ಒಂದು ಟೆಸ್ಟಿಗೆ ಬೇಕಾಗುವುದು ಕೆಲವು ಹನಿ. ಕೈ ಕಚ್ಚುವುದು ಥಯೋಲ್ (ಚಿನ್ನಕ್ಕೆ ಅಂಟುವ ಗಂಧಕದ ಗುಂಪು) ಹಚ್ಚಿದ ಆಲಿಗೊ, ಅಂದರೆ ಪ್ರೋಬ್‌ನ ಚಿಕ್ಕ ಡಿಎನ್ಎ ಎಳೆ. ಪಿಸಿಆರ್ ಶುರು ಮಾಡಿಸುವ ಚಿಕ್ಕ ಡಿಎನ್ಎ ತುಂಡಾದ ಮಾಮೂಲಿ ಪ್ರೈಮರ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ನಮ್ಮ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಅದರಲ್ಲೂ ಒಂದು ಬ್ಯಾಚ್ ಬಂದಿದ್ದೇ ಕೆಟ್ಟದ್ದು. ಕಳಿಸಿದವರು ಒಪ್ಪಲೂ ಇಲ್ಲ, ಬದಲಿ ಕೊಡಲೂ ಇಲ್ಲ.

ಕಣ ಮಾಡುವುದರಲ್ಲಿ ಹೇಳುವಂಥದ್ದೇನಿಲ್ಲ. ಸಿಟ್ರೇಟ್, ಕುದಿ, 13 ನ್ಯಾನೋಮೀಟರ್, ಬೆಳಕು ಹೀರುವ ಪೀಕ್ 520 ನ್ಯಾನೋಮೀಟರ್ ಹತ್ತಿರ. ಗಾಜಿನ ಸಾಮಾನನ್ನು ಆಕ್ವಾ ರೀಜಿಯಾದಲ್ಲಿ (ಚಿನ್ನ ಕರಗಿಸುವ ಆಮ್ಲದ ಮಿಶ್ರಣ) ತೊಳೆಯುವುದಕ್ಕೆ ಸೋಮಾರಿತನ ಮಾಡಬೇಡಿ, ಅಷ್ಟೇ. ನಿಜವಾದ ಗೋಳು ಶುರುವಾಗುವುದು ಆಲಿಗೊ ಚಿನ್ನದ ಮೇಲೆ ದಟ್ಟವಾಗಿ ಕೂರಲಿ ಅಂತ ಉಪ್ಪು ಹಾಕುವಾಗ. ಎರಡು ದಿನ ಸ್ವಲ್ಪ ಸ್ವಲ್ಪವೇ ಸೋಡಿಯಂ ಕ್ಲೋರೈಡ್ ಏರಿಸುವ ಹಳೆಯ ವಿಧಾನದಲ್ಲಿ ನನ್ನ ಟ್ಯೂಬ್‌ಗಳು 0.2 ಮೋಲಾರ್ ದಾಟುವಷ್ಟರಲ್ಲಿ ನೀಲಿಯಾಗಿ, ಆಮೇಲೆ ಕಪ್ಪಾಗಿ ತಳಕ್ಕೆ ಕೂರುತ್ತಿದ್ದವು. ಬೆಲೆಬಾಳುವ ಆಲಿಗೊ ಅದರ ಜೊತೆಗೇ ಹೋಗುತ್ತಿತ್ತು.

2017ರಲ್ಲಿ ಬಂದ ಫ್ರೀಜಿಂಗ್ ವಿಧಾನ ನನ್ನನ್ನು ಉಳಿಸಿತು. ಚಿನ್ನ, ಥಯೋಲ್ ಆಲಿಗೊ ಸೇರಿಸಿ ಮೈನಸ್ 20ರಲ್ಲಿ ಒಂದೆರಡು ತಾಸು ಇಟ್ಟು, ಹೊರಗಿಟ್ಟು ಕರಗಿಸುವುದು. ಮಂಜುಗಡ್ಡೆ ಕಟ್ಟುವಾಗ ಉಪ್ಪು, ಡಿಎನ್ಎ, ಕಣ ಎಲ್ಲ ಉಳಿದ ಚೂರು ನೀರಿನಲ್ಲಿ ಒತ್ತೊತ್ತಾಗಿ ಸೇರಿಕೊಳ್ಳುತ್ತವೆ. ಎರಡು ದಿನದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಕರಗಿದ ಮೇಲೂ ಕೆಂಪಾಗಿದ್ದರೆ ಪ್ರೋಬ್ ಸರಿ ಇದೆ. ಬೂದುಬಣ್ಣ ಬಂದರೆ ಆಲಿಗೊ ಸಾಲದು, ಇಲ್ಲವೇ ಕೆಟ್ಟಿದೆ. ಆ ಬ್ಯಾಚ್ ಸಿಕ್ಕಿಬಿದ್ದದ್ದೂ ಹೀಗೆಯೇ. ಆಮೇಲೆ ಮೂರ್ನಾಲ್ಕು ಸಲ ಸ್ಪಿನ್ ಮಾಡಿ ಅಂಟದೆ ಉಳಿದ ಆಲಿಗೊ ತೆಗೆಯಲೇಬೇಕು. ಇಲ್ಲದಿದ್ದರೆ ಅದೇ ಟಾರ್ಗೆಟ್ಟನ್ನು ನುಂಗಿಬಿಡುತ್ತದೆ.

ಥಯೋಲ್ ಖರ್ಚು ಉಳಿಸೋಣ ಅಂತ ನಡುವೆ ಆಲಿಗೊ ಅಂಟಿಸದ ಬರೀ ಚಿನ್ನದ ವಿಧಾನವನ್ನೂ ನೋಡಿದೆ. ಒಂಟಿ ಎಳೆಯ ಡಿಎನ್ಎ ಚಿನ್ನವನ್ನು ಉಪ್ಪಿನಿಂದ ಕಾಪಾಡುತ್ತದೆ, ಜೋಡಿ ಎಳೆ ಕಾಪಾಡುವುದಿಲ್ಲ ಅನ್ನುವ ಲೆಕ್ಕ ಅದು. ತುಂಬಾ ಅಗ್ಗ. ಆದರೆ ಪಿಸಿಆರ್‌ನಲ್ಲಿ ಉಳಿದ ಪ್ರೈಮರ್ ಕೂಡ ಒಂಟಿ ಎಳೆಯೇ ಅಲ್ವಾ? ಅದೂ ಚಿನ್ನವನ್ನು ಕೆಂಪಾಗಿಯೇ ಇಡುತ್ತದೆ. ಕೊನೆಗೆ ಬಣ್ಣ ಹೇಳುತ್ತಿದ್ದದ್ದು ರೋಗದ ಕಥೆಯೋ ಪ್ರೈಮರ್ ಕಥೆಯೋ ಗೊತ್ತಾಗುತ್ತಿರಲಿಲ್ಲ. ಬಿಟ್ಟೆ.

ಪ್ರೋಬ್ ಸರಿಹೋದ ಮೇಲೂ ಪಿಸಿಆರ್ ಉತ್ಪನ್ನ ಹಾಕಿದರೆ ಏನೂ ಆಗುತ್ತಿರಲಿಲ್ಲ. ಎರಡೂ ಎಳೆಗಳು ಪ್ರೋಬ್ ಬರುವ ಮೊದಲೇ ಮತ್ತೆ ತಬ್ಬಿಕೊಳ್ಳುತ್ತಿದ್ದವು. ಒಂದು ಪ್ರೈಮರನ್ನು ಇನ್ನೊಂದರ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಸಿ, ಒಂದೇ ಎಳೆ ಹೆಚ್ಚು ಬರುವ ಅಸಿಮೆಟ್ರಿಕ್ ಪಿಸಿಆರ್ ಮಾಡಿದಾಗ ಮೊದಲ ಸಲ ನೇರಳೆ ಬಣ್ಣ ಕಂಡಿತು. ಉತ್ಪನ್ನವನ್ನು ಶುದ್ಧಿ ಮಾಡುವ ಕಾಲಂನಲ್ಲಿ ಹಾಯಿಸಿಯೇ ಬಳಸಿ. ಪಿಸಿಆರ್‌ನಲ್ಲಿ ನಕಲು ಮಾಡುವ ಎಷ್ಟೋ ಪಾಲಿಮರೇಸ್ ಕಿಣ್ವಗಳ ಸ್ಟೋರೇಜ್ ಬಫರ್‌ನಲ್ಲಿ ಡಿಟಿಟಿ ಅನ್ನುವ ರಾಸಾಯನಿಕ ಇರುತ್ತದೆ. ಬಿಸಿ ಮಾಡಿದಾಗ ಅದು ಚಿನ್ನದ ಮೇಲಿನ ಥಯೋಲನ್ನು ಕಿತ್ತುಹಾಕುತ್ತದೆ.

ಈಗ ಅಸಲಿ ವಿಷಯ. ರೂಮಿನ ಬಿಸಿಯಲ್ಲಿ ಬಣ್ಣ ನೋಡಿ ತೀರ್ಪು ಕೊಟ್ಟರೆ ಕೆಟ್ಟಿರಿ. ಅಲ್ಲಿ ಸರಿಯಾದ ಜೋಡಿಯೂ ನೀಲಿ, ಒಂದಕ್ಷರ ತಪ್ಪಿದ್ದೂ ನೀಲಿ. ನಿಧಾನವಾಗಿ ಕಾಯಿಸಬೇಕು. ಮಾಮೂಲಿ ಡಿಎನ್ಎ ಹತ್ತಾರು ಡಿಗ್ರಿ ಎಳೆದುಕೊಂಡು ಕರಗಿದರೆ, ಚಿನ್ನದ ಮೇಲಿನದು ಒಂದೆರಡು ಡಿಗ್ರಿಯಲ್ಲಿ ಧಡಕ್ಕನೆ ಬಿಡುತ್ತದೆ. ನನ್ನ ಬಫರ್‌ನಲ್ಲಿ ತಪ್ಪಿದ್ದು 58ರ ಆಸುಪಾಸು ಕೆಂಪಾಯಿತು, ಸರಿಯಾದದ್ದು 64ರವರೆಗೆ ನೀಲಿಯಾಗಿಯೇ ನಿಂತಿತು. ನಡುವೆ 61ರಲ್ಲಿ ಬಿಸಿಯಾಗಿರುವಾಗಲೇ ಟಿಎಲ್‌ಸಿ ಪ್ಲೇಟಿನ (ತೆಳುವಾಗಿ ಪುಡಿ ಲೇಪಿಸಿದ ಪ್ಲೇಟು) ಮೇಲೆ ಒಂದು ಹನಿ ಇಟ್ಟರೆ ಬಣ್ಣ ಹಾಗೇ ನಿಲ್ಲುತ್ತದೆ. ಆ ಪ್ಲೇಟುಗಳನ್ನು ಎಲ್ಲರ ಮುಂದಿಟ್ಟೆ. ಜೆಲ್ ಅಂತಿದ್ದವರೇ ಈಗ ಪ್ರೋಬ್ ಕೇಳಿಕೊಂಡು ಬರ್ತಾರೆ. ಈ ಅಂತರ ಇಷ್ಟು ಅಗಲವಾಗಲು ಬಫರ್‌ಗೆ ನಾನು ಇನ್ನೊಂದು ವಸ್ತು ಹಾಕ್ತೀನಿ. ಅದರ ಹೆಸರು ಸದ್ಯಕ್ಕೆ ಹೇಳಲ್ಲ. ಚಿನ್ನಕ್ಕೂ ಟಾರ್ಗೆಟ್ ಹಿಡಿಯುವ ಅಕ್ಷರಗಳಿಗೂ ನಡುವೆ ಇರುವ ಸ್ಪೇಸರ್‌ನ ಉದ್ದವನ್ನೂ ಕೇಳಬೇಡಿ.

ಟಾರ್ಗೆಟ್ ಇಲ್ಲದಿದ್ದರೂ ಕೆಂಪೇ ಬರುತ್ತದೆ. ಹಾಗಾಗಿ ಟಿಸಿಜಿಗೆ ಒಂದು ಪ್ರೋಬ್ ಜೋಡಿ, ಟಿಟಿಜಿಗೆ ಇನ್ನೊಂದು. ಎರಡೂ ಕೆಂಪಾದರೆ ಪಿಸಿಆರ್ ಮತ್ತೆ ಮಾಡಿ.

ಪಿಸಿಆರ್ ಇಲ್ಲದೆಯೇ ಆಗುತ್ತದಾ ಅಂತ, ಗಾಜಿನ ಸ್ಲೈಡ್ ಮೇಲೆ ಹಿಡಿದ ಚಿನ್ನದ ಕಣಗಳಿಗೆ ಬೆಳ್ಳಿ ಹಚ್ಚಿ ಸಿಗ್ನಲ್ ಏರಿಸುವ ಆಸೆಯೂ ಬಂತು. ಕ್ಲೋರೈಡ್ ಬಫರ್‌ನಲ್ಲಿ ತೊಳೆದರೆ ಇಡೀ ಸ್ಲೈಡ್ ಮೇಲೆ ಬೆಳ್ಳಿ ಕ್ಲೋರೈಡ್ ಕೂರುತ್ತದೆ. ಸೋಡಿಯಂ ನೈಟ್ರೇಟ್‌ನಲ್ಲಿ ತೊಳೆದಾಗ ಹಿನ್ನೆಲೆ ಚೊಕ್ಕವಾಯಿತು. ಆದರೂ ಪಿಸಿಆರ್ ಕೈಬಿಡುವಷ್ಟು ಸಿಗ್ನಲ್ ನನಗೆ ಬರಲಿಲ್ಲ.

ಎರಡೂ ಬಗೆಯ ಬ್ಯಾಕ್ಟೀರಿಯಾ ಬೆರೆತ ಸ್ಯಾಂಪಲ್ ಬಂದರೆ ಎರಡೂ ಹನಿ ಮಾಸಲು ನೇರಳೆಯಾಗುತ್ತವೆ. ಅಂಥವನ್ನು ಮಾತ್ರ ಈಗಲೂ ಸೀಕ್ವೆನ್ಸಿಂಗ್‌ಗೆ ಕಳಿಸುತ್ತೇನೆ.