ನೀರಿನ ಮೇಲೆ ನಿಂತ ವಾದ: ಒಂದು ಪಾಲಿಯುರೆಥೇನ್ ಪೇಟೆಂಟ್ ಅಪೀಲು

ನಾನು ಪೇಟೆಂಟ್ ಏಜೆಂಟ್, ಓದಿದ್ದು ಕೆಮಿಸ್ಟ್ರಿ. ನಮ್ಮ ಕಕ್ಷಿದಾರರದು ನೆಲಕ್ಕೆ ಬಳಿಯುವ ಪಾಲಿಯುರೆಥೇನ್ ಕೋಟಿಂಗ್, ಹರಳೆಣ್ಣೆಯಿಂದ ಮಾಡಿದ್ದು. ಪೇಟೆಂಟ್ ಕಾಯ್ದೆಯ ಕಲಂ 2(1)(ಜೆಎ) ಪ್ರಕಾರ ಇನ್ವೆಂಟಿವ್ ಸ್ಟೆಪ್ ಇಲ್ಲವೆಂದು, ಅಂದರೆ ವಿಷಯ ಬಲ್ಲವರಿಗೆ ಸಹಜವಾಗಿ ಹೊಳೆಯುವಂಥದ್ದೆಂದು, ಪೇಟೆಂಟ್ ಕಚೇರಿ ಅರ್ಜಿಯನ್ನು ತಿರಸ್ಕರಿಸಿತ್ತು. ಹರಳೆಣ್ಣೆ ಕೋಟಿಂಗ್ ಒಂದು ಹಳೆಯ ದಾಖಲೆಯಲ್ಲಿದೆ, ಬಿಸ್ಮತ್ ಲೋಹದ ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಇನ್ನೊಂದರಲ್ಲಿದೆ, ಎರಡನ್ನೂ ಸೇರಿಸಿದರೆ ಮುಗೀತಲ್ವಾ ಅನ್ನುವುದು ಆದೇಶದ ಸಾರ.

ಪೇಟೆಂಟ್ ಅಪೀಲು ಕೇಳುತ್ತಿದ್ದ ಮಂಡಳಿ ಐಪಿಎಬಿ 2021ರಲ್ಲಿ ರದ್ದಾದ ಮೇಲೆ ಇಂಥ ಅಪೀಲು ಹೋಗುವುದು ಹೈಕೋರ್ಟಿಗೆ. ಕಲಂ 117ಎ, ಮೂರು ತಿಂಗಳ ಗಡುವು. ವಾದ ಮಾಡುವವರು ವಕೀಲರು. ಕೆಮಿಸ್ಟ್ರಿ ಓದದ ಅವರು ಧೈರ್ಯವಾಗಿ ಹೇಳುವಂಥ ಟಿಪ್ಪಣಿ ಬರೆದುಕೊಡುವುದು ನನ್ನ ಕೆಲಸ.

ಎರಡನೇ ದಾಖಲೆ ಹಾಸಿಗೆ ಫೋಮಿನದು. ನನಗೆ ದಾರಿ ಕಂಡಿದ್ದು ಅಲ್ಲೇ. ಐಸೋಸಯನೇಟ್ ಎಂಬ ರಾಸಾಯನಿಕ ಪಾಲಿಯೋಲಿನ (ನಮ್ಮಲ್ಲಿ ಹರಳೆಣ್ಣೆ) ಹೈಡ್ರಾಕ್ಸಿಲ್ (OH) ಗುಂಪಿನ ಜೊತೆ ಸೇರಿದರೆ ಪಾಲಿಯುರೆಥೇನ್ ಆಗುತ್ತದೆ. ನಡುವೆ ನೀರು ಸಿಕ್ಕರೆ ಅದರ ಜೊತೆಗೂ ಸೇರಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. 18 ಗ್ರಾಂ ನೀರು ಪೂರ್ತಿ ಖರ್ಚಾದರೆ 44 ಗ್ರಾಂ ಅನಿಲ, ಅಂದರೆ ಸುಮಾರು 24 ಲೀಟರ್! ಫೋಮಿಗೆ ಇದೇ ಬೇಕು, ದೋಸೆ ಹಿಟ್ಟು ಉಬ್ಬಿದ ಹಾಗೆ. ಅದಕ್ಕೇ ಅವರು ನೀರು ಹಾಕುತ್ತಾರೆ, ಅನಿಲ ಬೇಗ ಬರಲೆಂದು ಅಮೀನ್ (ಸಾರಜನಕದ ಒಂದು ಬಗೆಯ ಸಂಯುಕ್ತ) ಕ್ಯಾಟಲಿಸ್ಟನ್ನೂ ಹಾಕುತ್ತಾರೆ. ನೆಲದ ಕೋಟಿಂಗಿಗೆ ಅದೇ ಗುಳ್ಳೆ ಶನಿ. ಅದರಲ್ಲೂ ಹರಳೆಣ್ಣೆಯ ಹೈಡ್ರಾಕ್ಸಿಲ್‌ಗಳು ಸೆಕೆಂಡರಿ, ಅಂದರೆ ಇಂಗಾಲದ ಸರಪಳಿಯ ತುದಿಯಲ್ಲಲ್ಲ, ನಡುವೆ ಇರುವಂಥವು; ತುದಿಯ ಪ್ರೈಮರಿಗಿಂತ ನಿಧಾನ. ಗಾಳಿಯ ತೇವದ ಜೊತೆ ಪೈಪೋಟಿ ಅವಕ್ಕೆ ಇನ್ನೂ ಕಷ್ಟ.

ಫೋಮಿನ ಆ ದಾಖಲೆಯಲ್ಲಿ ಅಮೀನೂ ಬಿಸ್ಮತ್ತೂ ಜೊತೆಯಲ್ಲೇ ಇದ್ದವು; ನಮ್ಮ ಕೋಟಿಂಗಿನಲ್ಲಿ ಬಿಸ್ಮತ್ ಇದೆ, ಅಮೀನ್ ಇಲ್ಲ. ಫೋಮ್ ಮಾಡುವವನು ಅಮೀನನ್ನು ಯಾಕೆ ತೆಗೆಯುತ್ತಾನೆ? ನಮ್ಮ ಇಡೀ ವಾದ ಈ ಒಂದು ಪ್ರಶ್ನೆ. ತೀರ್ಪುಗಳ ಉದ್ದನೆಯ ಪಟ್ಟಿಗಿಂತ ಇದು ಜಾಸ್ತಿ ಕೆಲಸ ಮಾಡಿತು ಅಂತ ನನ್ನ ನಂಬಿಕೆ.

ಕೈ ಹಿಡಿದದ್ದು ಮೂಲ ಅರ್ಜಿಯಲ್ಲೇ ಇದ್ದ ಹೋಲಿಕೆಯ ಟೇಬಲ್. ಅದೇ ಎಣ್ಣೆ, ಅದೇ ಐಸೋಸಯನೇಟ್ ಇಂಡೆಕ್ಸ್ (ಬೇಕಾದ ಅಳತೆಗೆ ಹೋಲಿಸಿದರೆ ಹಾಕಿದ ಐಸೋಸಯನೇಟಿನ ಪ್ರಮಾಣ), ಕ್ಯಾಟಲಿಸ್ಟ್ ಮಾತ್ರ ಬೇರೆ. ಇಂಡೆಕ್ಸೂ ಬದಲಾಗಿದ್ದರೆ ಗುಳ್ಳೆ ಕಡಿಮೆಯಾಗಿದ್ದು ಯಾವುದರಿಂದ ಅಂತ ಹೇಳುವುದೇ ಕಷ್ಟವಾಗುತ್ತಿತ್ತು. ಕ್ಲೇಮಿಗೆ, ಅಂದರೆ ಅರ್ಜಿಯಲ್ಲಿ ನಾವು ಹಕ್ಕು ಕೇಳುವ ಸಾಲಿಗೆ, 'ಅಮೀನ್ ಕ್ಯಾಟಲಿಸ್ಟ್ ಇಲ್ಲದೆ' ಎಂದು ಸೇರಿಸಲೂ ಈ ಟೇಬಲ್ಲೇ ಆಧಾರ. ಕಲಂ 59 ಕ್ಲೇಮನ್ನು ಕಿರಿದು ಮಾಡಲು ಬಿಡುತ್ತದೆ, ಹೊಸದನ್ನು ತುರುಕಲು ಬಿಡುವುದಿಲ್ಲ.

"ಅಷ್ಟು ಬಿಟ್ಟುಕೊಡಬೇಕಾ ಸರ್?" ಅಂದರು ಕಕ್ಷಿದಾರರು. ನೀವು ಮಾರುವ ಡಬ್ಬಿಯಲ್ಲಿ ಅಮೀನ್ ಇಲ್ಲವಲ್ಲ, ಬಿಟ್ಟರೆ ನಷ್ಟ ಏನು ಅಂದೆ. ಒಪ್ಪಿದರು.

ಹೈಕೋರ್ಟು ಆದೇಶ ರದ್ದು ಮಾಡಿ, ಬೇರೆ ಅಧಿಕಾರಿ ಹೊಸದಾಗಿ ಕೇಳಲಿ ಎಂದು ಫೈಲನ್ನು ವಾಪಸ್ ಕಳಿಸಿತು. ಅಪೀಲು ಗೆದ್ದೆವು, ಪೇಟೆಂಟ್ ಇನ್ನೂ ಸಿಕ್ಕಿಲ್ಲ. ತಿದ್ದಿದ ಕ್ಲೇಮು ಸಲ್ಲಿಸಿ ಹಿಯರಿಂಗಿಗೆ ಕಾಯುತ್ತಿದ್ದೇವೆ.